ಐದು ಗಂಟೆಯ ಸಂತೋಷ

ಇವತ್ತಿನ ಸಂತೋಷ ಏನಿರಬಹುದು ಎಂಬ ಚಿಂತೆ ಸುಗಂಧಾಳನ್ನು ಬೆಳಿಗ್ಗೆ ಎದ್ದಾಗಿನಿಂದಲೇ ಕಾಡುತ್ತಿತ್ತು. ನಿನ್ನೆಯದು ಐಸ್‌ಕ್ರೀಮು. ಉಗಾರ ಖುರ್ದದ ಬಸ್‌ಸ್ಟ್ಯಾಂಡಿನ ಎದುರಿಗೆ, ಮಂದಿಯೆಲ್ಲ ಸ್ವೆಟರ್ ಹಾಕಿಕೊಂಡು ಓಡಾಡುವ ಚಳಿಯಲ್ಲಿ, ಗಂಡ ಪಾರಿಸ ಅವಳ ಕೈಗೊಂದು ಪಿಸ್ತಾ ಕೋನು ಕೊಟ್ಟು, ತಾನು ತಿನ್ನದೆ, ಒಲೆಯ ಮೇಲಿನ ಹಾಲು ಯಾವಾಗ ಉಕ್ಕುತ್ತದೋ ಎಂದು ನೋಡುವವರ ಹಾಗೆ ಅವಳ ಮುಖವನ್ನೇ ನೋಡುತ್ತ ನಿಂತಿದ್ದ. ಅವಳ ಹಲ್ಲು ಜುಮ್ಮೆಂದವು. ನಗದೆ ಇದ್ದರೆ ಇನ್ನೊಂದು ಕೊಡಿಸಿಯಾನೆಂದು ಹೆದರಿ ತುಟಿ ಅಗಲಿಸಿದಳು. ‘ಹೆಂಗನಿಸ್ತು?’ ಎಂದ. ‘ಛಲೋ ಅನಿಸ್ತು’ ಎಂದಳು. ಅವನು ದೊಡ್ಡ ಹೊರೆ ಇಳಿಸಿದವನಂತೆ ಉಸಿರು ಬಿಟ್ಟು ಬೈಕಿಗೆ ಕಿಕ್ ಹೊಡೆದ. ಮೊನ್ನೆಯ ಸಂತೋಷ ಕೃಷ್ಣೆಯ ಸೇತುವೆಯ ಮೇಲೆ ನಿಂತು ನೀರು ನೋಡುವುದಾಗಿತ್ತು. ನೀರು ನೋಡುವಷ್ಟು ಹೊತ್ತೂ ಕಬ್ಬಿನ ಟ್ರ್ಯಾಕ್ಟರುಗಳು ಬೆನ್ನಿಗೆ ಹಾರ್ನು ಹೊಡೆದಿದ್ದವು. ಅದಕ್ಕೂ ಹಿಂದೆ ಮೊಬೈಲಿನಲ್ಲಿ ಮರಾಠಿ ನಗೆನಾಟಕ ಹಚ್ಚಿಕೊಟ್ಟಿದ್ದ, ಅದರಲ್ಲಿ ಸೊಸೆಯೊಬ್ಬಳು ಅತ್ತೆಯನ್ನು ಯಾಮಾರಿಸುತ್ತಿದ್ದಳು. ತನಗೇ ಗಾಬರಿಯಾಗಿ ನಡುವೆಯೇ ಬಂದ್ ಮಾಡಿದ್ದ. ಪಡಸಾಲೆಯ ತೊಲೆಗೆ ಕೊಂಡಿ ಹೊಡೆಸಿ ತೇಗದ ಜೋಕಾಲಿ ತೂಗುಹಾಕಿದ್ದ. ಒಮ್ಮೆ ಕೂತಿದ್ದಳು. ಕೊಂಡಿ ಕಿರ್ರ್ ಎಂದಿತ್ತು, ಎಣ್ಣೆ ಬಿಟ್ಟರೂ ಕಿರ್ರ್ ಎಂದಿತ್ತು. ಈಗ ಅದರ ಮೇಲೆ ಒಗೆದ ಬಟ್ಟೆ ಮಡಚಿ ಇಡುವುದು ರೂಢಿಯಾಗಿದೆ.

ಇದೆಲ್ಲ ಶುರುವಾದದ್ದು ಅಥಣಿಯ ಆ ಡಾಕ್ಟರಬಾಯಿಯಿಂದ. ಮಗಳು ಪ್ರಾಜಕ್ತಾ ಚಿಕ್ಕೋಡಿಯಲ್ಲಿ ತನ್ನ ಗಂಡನ ಮನೆಯಲ್ಲಿ ಕೂತೇ ಫೋನಿನ ಮೇಲೆ ದವಾಖಾನೆಯ ಪಾಳಿ ಹಚ್ಚಿ, ‘ಪಪ್ಪಾ, ಮಮ್ಮಿ ಹಿಂಗ ಗ್ವಾಡಿ ನೋಡ್ಕೋತ ಕೂತ್ರ ಹೆಂಗ? ಅಜ್ಜಿ ಹೋಗಿ ಎಷ್ಟ ದಿನಾ ಆತು’ ಎಂದು ಅಪ್ಪನನ್ನು ಹೊರಡಿಸಿದ್ದಳು. ಡಾಕ್ಟರಬಾಯಿ ಚಿಕ್ಕ ವಯಸ್ಸಿನವಳು, ಮಾತು ಮೆತ್ತಗೆ, ಕೈ ಬೆಚ್ಚಗೆ. ನಿದ್ದೆ, ಊಟ, ಮುಟ್ಟು ಎಲ್ಲ ಕೇಳಿದ ಮೇಲೆ, ‘ಕಡೀಕ ನಿಮಗ ಮನಸಾರೆ ಖುಷಿ ಆಗಿದ್ದು ಯಾವಾಗ್ರಿ?’ ಎಂದಳು. ಸುಗಂಧಾಳ ನಾಲಿಗೆಯ ತುದಿಯಲ್ಲೇ ಉತ್ತರವಿತ್ತು. ಯಾವ ದಿನ, ಯಾವ ಹೊತ್ತು, ತಾನು ಪಡಸಾಲೆಯ ಯಾವ ಕಂಬಕ್ಕೆ ಒರಗಿ ಕೂತಿದ್ದೆ ಎಂಬುದೂ ಗೊತ್ತಿತ್ತು. ‘ನೆನಪಿಲ್ರಿ’ ಎಂದಳು. ಡಾಕ್ಟರಬಾಯಿ ತಲೆದೂಗಿ, ದುಃಖ ಮಾಗಬೇಕಾದರೆ ಅದರ ಪಕ್ಕದಲ್ಲಿ ದಿನವೂ ಒಂದಿಷ್ಟು ಸಂತೋಷಕ್ಕೂ ಜಾಗ ಇರಬೇಕು, ಅದು ತಾನಾಗಿ ಬರಲಿ ಎಂದು ಕಾಯಬಾರದು, ಊಟದ ಹಾಗೆ ಅದನ್ನೂ ರೂಢಿ ಮಾಡಿಕೊಳ್ಳಬೇಕು, ಸಣ್ಣದಾದರೂ ಸರಿ, ನಿಮ್ಮದೇ ಆಗಿರಬೇಕು ಎಂದು ತಿಳಿಸಿ ಹೇಳಿದಳು. ಪಾರಿಸ ಬೇರೆ ಯಾವುದನ್ನು ಬಿಟ್ಟರೂ ‘ದಿನವೂ’ ಎಂಬುದನ್ನು ಬಿಡಲಿಲ್ಲ. ಕಬ್ಬಿಗೆ ಪಾಳಿ ಪ್ರಕಾರ ನೀರು ಬಿಟ್ಟು ಬೆಳೆಸಿದ ಮನುಷ್ಯ. ಪಾಳಿ ತಪ್ಪಿದರೆ ಏನಾಗುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸಂಜೆ ಐದಕ್ಕೆ ಹೊಲದ ಕರೆಂಟು ಹೋಗಿ ಪಂಪು ನಿಲ್ಲುತ್ತಿತ್ತು, ಅವನಿಗೆ ಬಿಡುವಾಗುತ್ತಿತ್ತು. ಹೀಗಾಗಿ ಸುಗಂಧಾಳ ಸಂತೋಷ ಐದಕ್ಕೆ ನಿಗದಿಯಾಯಿತು.

ನಿಮ್ಮದೇ ಆಗಿರಬೇಕು ಎಂದಿದ್ದಳು ಡಾಕ್ಟರಬಾಯಿ. ತನ್ನದು ಯಾವುದೆಂದು ಹೇಳಿದ್ದರೆ ಆ ಬೆಚ್ಚಗಿನ ಕೈ ಹಿಂದಕ್ಕೆ ಸರಿಯುತ್ತಿರಲಿಲ್ಲವೇ? ಮಳೆಗಾಲದ ಕೊನೆಗೆ ಅತ್ತೆ ಅಕ್ಕಾತಾಯಿ ತೀರಿಕೊಂಡಾಗ ಇದೇ ಪಡಸಾಲೆಯಲ್ಲಿ ಮಲಗಿಸಿದ್ದರು. ಲಕ್ವಾ ಹೊಡೆದು ಅರ್ಧ ಮೈ ಸತ್ತು ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದ ಮುದುಕಿ. ಬಲಗೈ, ಬಲಗಾಲು, ಅರ್ಧ ಮುಖ ಹೋದರೂ ನಾಲಿಗೆ ಮಾತ್ರ ಪೂರಾ ಉಳಿದಿತ್ತು. ಮಗ್ಗಲು ಬದಲಿಸಿದರೆ ಬೈಗುಳ, ಬದಲಿಸದಿದ್ದರೆ ಇನ್ನೊಂದು. ಹೆಣದ ಸುತ್ತ ಹೆಂಗಸರು ತಲೆಗೊಂದು ಮಾತು ಹೇಳಿ ಅಳುತ್ತಿದ್ದರೂ ಸುಗಂಧಾ ಸುಮ್ಮನೆ ಕೂತಿದ್ದಳು, ದಣಿದಿದ್ದಳು, ಅಷ್ಟೆ. ಯಾರೋ ಹಿಂದಿನಿಂದ, ‘ಸೊಸಿ ಬಾಯೇ ಬಿಡವಲ್ಲಳಲ್ಲ’ ಎಂದರು. ಆಗ ಹೊರಟಿತು. ಐನಾಪುರದ ತವರಿನಲ್ಲಿ ಪಕ್ಕದ ಮನೆಯ ಗಿರಿಜವ್ವನ ಬಾಯಿಂದ ಚಿಕ್ಕಂದಿನಲ್ಲಿ ಕೇಳಿ ಕಲಿತಿದ್ದ ಧಾಟಿ, ಹಾಡ್ಯಾಡಿ ಅಳುವುದು ಎನ್ನುತ್ತಾರಲ್ಲ ಅದು, ಹೊಟ್ಟೆಯ ತಳದಿಂದ ಎದ್ದು ಬಂತು. ಹೊರಗೆ ಕಟ್ಟಿಗೆಯ ಲೆಕ್ಕ ಹಾಕುತ್ತಿದ್ದ ಗಂಡಸರು ಮಾತು ನಿಲ್ಲಿಸಿದರು. ಹೆಂಗಸರು ತಮ್ಮ ಅಳು ಬಿಟ್ಟು ಇವಳ ಮುಖ ನೋಡಿದರು. ಆ ಮನೆಯಲ್ಲಿ ಇಷ್ಟು ಮಂದಿ ಒಟ್ಟಿಗೆ ಅವಳ ಮಾತು ಕೇಳಿದ್ದು ಅದೇ ಮೊದಲು. ಎದೆಯೊಳಗೆ ಏನೋ ಬಿಚ್ಚಿ ಮೈಯೆಲ್ಲ ಬೆಚ್ಚಗಾಯಿತು. ದೊಡ್ಡ ಸುಖ ಅದು, ಸುಳ್ಳು ಹೇಳುವಂತಿಲ್ಲ. ಗಂಡಸರು ಎತ್ತಲು ಒಳಗೆ ಬಂದಾಗ ಅವಳು ಒಂದು ಸಾಲಿನ ನಡುವೆ ಇದ್ದಳು. ಇಷ್ಟು ಬೇಗ ಯಾಕೆ, ಇನ್ನೊಂದು ಸ್ವಲ್ಪ ಹೊತ್ತು ಇರಲಿ ಎಂದುಕೊಂಡಳು. ಸಿಟ್ಟೂ ಬಂತು. ಆಮೇಲೆ ಹೊಳೆಯ ದಂಡೆಯ ಹೊಗೆ ಕಂಡಾಗ ತಾನು ಏನನ್ನು ಬಯಸಿದ್ದೆ ಎಂಬುದು ತಿಳಿಯಿತು.

‘ಸೊಸಿ ಅಂದ್ರ ಹಿಂಗಿರಬೇಕು’ ಎಂದು ತಮ್ಮೂರು ಉಗಾರ ಬುದ್ರುಕವೆಲ್ಲ ಹೊಗಳಿತು. ಒಂದೊಂದು ಹೊಗಳಿಕೆಯೂ ಕಪಾಳಕ್ಕೆ ಹೊಡೆದ ಹಾಗಾಗುತ್ತಿತ್ತು. ಸತ್ತವರಿಗಾಗಿ ಗೋಳಾಡಿದರೆ ಕರ್ಮ ಅಂಟುತ್ತದೆ ಎಂದು ಬಸದಿಯ ಪ್ರವಚನದಲ್ಲಿ ಮುನಿಮಹಾರಾಜರು ಹೇಳಿದ್ದು ಅವಳಿಗೆ ನೆನಪಿತ್ತು. ಗೋಳಾಡುತ್ತ ಒಳಗೊಳಗೆ ಹಿಗ್ಗಿದವರಿಗೆ ಏನು ಅಂಟುತ್ತದೆಂದು ಅವರು ಹೇಳಿರಲಿಲ್ಲ, ಎದ್ದುನಿಂತು ಕೇಳುವ ಪ್ರಶ್ನೆಯೂ ಅದಲ್ಲ. ಕ್ರಮೇಣ ಬಾಯಿ ಕಟ್ಟಿತು, ನಿದ್ದೆ ಹೋಯಿತು, ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಡತೊಡಗಿದಳು. ಪಾರಿಸ ಅದನ್ನು ಅವ್ವನ ದುಃಖವೆಂದೇ ತಿಳಿದ. ತಿಳಿದು, ಡಾಕ್ಟರಬಾಯಿ ಹೇಳದ ಒಂದು ಪಥ್ಯವನ್ನು ತಾನೇ ಸೇರಿಸಿದ: ಅಳುವ ಮಂದಿಯನ್ನು ಅವಳ ಹತ್ತಿರ ಬಿಡಬಾರದು, ಸತ್ತವರ ಮನೆಗೆ ಅವಳನ್ನು ಕಳಿಸಬಾರದು. ಸತ್ತ ದಿನ ಬರಲಾಗದವರು ಆಮೇಲೆ ಬಂದು ಮನೆಯವರ ಕೊರಳು ಹಿಡಿದು ಅತ್ತು, ಮಾತಾಡಿಸಿ ಹೋಗುವುದು ಈ ಕಡೆಯ ಪದ್ಧತಿ. ಪಾರಿಸ ಅಂಥವರನ್ನು ಬಾಗಿಲಲ್ಲೇ ತಡೆದು, ಕಟ್ಟೆಯ ಮೇಲೆ ಕೂರಿಸಿ, ಚಹಾ ಕೊಟ್ಟು ಕಳಿಸತೊಡಗಿದ. ರಾಯಬಾಗದಿಂದ ಬಂದ ನೆಂಟರು ಗಂಟಲಿಗೆ ಬಂದ ಅಳುವನ್ನು ಚಹಾದ ಜೊತೆ ನುಂಗಿಕೊಂಡು ಹೋದರು. ಪಕ್ಕದ ಮನೆಯ ಸಕೀನಾಬಿ ಮಗಳ ಬಾಣಂತನಕ್ಕೆಂದು ನಿಪ್ಪಾಣಿಗೆ ಹೋಗಿದ್ದವಳು, ತಿರುಗಿ ಬಂದ ದಿನವೇ ಕೈಚೀಲವನ್ನೂ ಕೆಳಗಿಡದೆ ಓಡಿ ಬಂದಿದ್ದಳು. ಅಕ್ಕಾತಾಯಿಗೂ ಅವಳಿಗೂ ಗೋಡೆಯ ಆಚೀಚೆ ಮೂವತ್ತು ವರ್ಷದ ಜಗಳ, ಅಂದರೆ ಮೂವತ್ತು ವರ್ಷದ ಗೆಳೆತನ. ಅವಳಿಗೂ ಚಹಾನೇ. ಕಿಟಕಿಯ ಸಂದಿಯಿಂದ ಸುಗಂಧಾ ನೋಡಿದಳು: ಸಕೀನಾಬಿ ಬಸಿಯಲ್ಲಿ ಚಹಾ ಸುರುವಿಕೊಂಡು, ಕುಡಿಯದೆ, ಹಾಗೇ ಕೆಳಗಿಟ್ಟು ಎದ್ದು ಹೋದಳು. ಆ ಅವಮಾನ ಸುಗಂಧಾಳ ಎದೆಯಲ್ಲೇ ಕೂತುಬಿಟ್ಟಿತು.

ಇವತ್ತು ಮಾತ್ರ ಏನೋ ಬೇರೆಯೇ ನಡೆದಿತ್ತು. ಬೆಳಿಗ್ಗೆಯೇ ಪಾರಿಸನಿಗೆ ಫೋನು ಬಂತು. ಅವನು ದನದ ಕೊಟ್ಟಿಗೆಯ ಹಿಂದೆ ಹೋಗಿ ಮಾತಾಡಿದ. ಹೊರಗೆ ಬಂದವನು ಅವಳ ಫೋನನ್ನೂ ‘ಚಾರ್ಜಿಗಿ ಹಚ್ತೀನಿ’ ಎಂದು ಒಯ್ದ. ಚಾರ್ಜು ತುಂಬಿತ್ತು. ಅವಳು ಕೇಳುವುದನ್ನು ಬಿಟ್ಟು ಬಹಳ ದಿನವಾಗಿತ್ತು. ತನ್ನ ರೋಗದ ವಿಚಾರವೇ ಇರಬೇಕು, ಧಾರವಾಡಕ್ಕೆ ಕರೆದೊಯ್ಯುತ್ತಾರೋ ಏನೋ, ಹುಚ್ಚಾಸ್ಪತ್ರೆ ಎಂದರೆ ಪ್ರಾಜಕ್ತಾಳ ಅತ್ತೆ ಏನೆಂದಾಳು ಎಂದೆಲ್ಲ ಯೋಚನೆ ಹರಿಯಿತು. ಹನ್ನೆರಡಕ್ಕೇ ಅವನು ಹೊಲದಿಂದ ಬಂದು ಕೈಕಾಲು ತೊಳೆದು, ಊಟಕ್ಕೆ ಕೂತವನು ತಟ್ಟೆಯ ಕಡೆ ನೋಡುತ್ತಲೇ, ‘ಇವತ್ತ ಜಲ್ದಿ ಹೋಗೂಣು. ಅಥಣ್ಯಾಗ ಹೊಸಾ ಪಾರ್ಕ ಆಗೇತಂತ, ಕಾರಂಜಿ ಹಾಡಿಗಿ ಕುಣಿತೈತಂತ’ ಎಂದ. ಪಂಪು ಬಿಟ್ಟು? ಪಾಳಿ ಬಿಟ್ಟು? ಸುಗಂಧಾ ಅವನ ಮುಖ ನೋಡಿದಳು. ಸುಳ್ಳು ಹೇಳಿ ರೂಢಿ ಇಲ್ಲದವನ ಮುಖ; ಕಿವಿಯ ತುದಿ ಕೆಂಪಾಗಿತ್ತು. ಪಾಪ ಅನಿಸಿತು. ಇವನಿಗೆ ಒಂದು ದಿನವಾದರೂ ನಿಜವಾದ ನಗು ಕೊಡಬೇಕಿತ್ತು ಎಂದುಕೊಂಡು ಸೀರೆ ಬದಲಿಸಿದಳು. ಹಸಿರು ಇಳಕಲ್ ಉಡು ಎಂದ. ಉಟ್ಟಳು.

ದಾರಿಯುದ್ದಕ್ಕೂ ಕಬ್ಬು ಹೇರಿದ ಟ್ರ್ಯಾಕ್ಟರುಗಳು, ಎರಡೆರಡು ಟ್ರೇಲರು, ಡ್ರೈವರನ ತಲೆಯ ಮೇಲೆ ಡಬ್ಬಿಯಂಥ ಸ್ಪೀಕರು, ಅದರೊಳಗಿಂದ ಪ್ರೇಮದ ಹಾಡು. ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ ಸೆರಗಿಗೂ ಅಂಟಿತ್ತು. ಈ ವಾಸನೆ ಬಂದರೆ ಅಕ್ಕಾತಾಯಿ, ‘ಹಂಗಾಮ ಚಾಲೂ ಆತು, ಇನ್ನ ನನ್ನ ಗಂಡಗ ಹೇಣ್ತಿ ನೆನಪ ಇರೂದಿಲ್ಲ’ ಎನ್ನುತ್ತಿದ್ದಳು. ಗಂಡ ಸತ್ತು ಇಪ್ಪತ್ತು ಹಂಗಾಮು ಕಳೆದ ಮೇಲೂ ಹಾಗೇ ಎನ್ನುತ್ತಿದ್ದಳು. ಹಸಿಮೆಣಸಿನಕಾಯಿ ಕೇಳುತ್ತಿದ್ದಳು. ಡಾಕ್ಟರು ಖಾರ ಬೇಡವೇ ಬೇಡ ಎಂದಿದ್ದರು, ಪಾರಿಸ ಹುಕುಂ ಮಾಡಿದ್ದ. ರವೆಯ ಗಂಜಿ ಥೂ ಎಂದು ಉಗುಳಿ ಅಕ್ಕಾತಾಯಿ ಮಗುವಿನ ಹಾಗೆ ಬಾಯಿ ಮುಚ್ಚಿಕೊಂಡಾಗ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಸುಗಂಧಾ ಕಲ್ಲಿನಲ್ಲಿ ಅರೆದ ಖಾರವನ್ನು ಬೆರಳ ತುದಿಗೆ ಹಚ್ಚಿಕೊಂಡು ಬಂದು ಅವಳ ನಾಲಿಗೆಗೆ ಮುಟ್ಟಿಸುತ್ತಿದ್ದಳು. ಕಣ್ಣಲ್ಲಿ ನೀರು ತುಂಬಿ ಮುದುಕಿಯ ಮುಖದ ಉಳಿದರ್ಧ ನಗುತ್ತಿತ್ತು. ‘ಕಳ್ಳ ರಂಡೆ’ ಎಂದು ಪ್ರೀತಿಯಿಂದ ಬೈಯುತ್ತಿದ್ದಳು. ಸುಗಂಧಾಳೂ ನಗುತ್ತಿದ್ದಳೇ? ನಗುತ್ತಿದ್ದಳು ಅನಿಸುತ್ತದೆ. ಅದನ್ನು ಡಾಕ್ಟರಬಾಯಿಗೆ ಹೇಳಬಹುದಿತ್ತು, ಹೊಳೆಯಲಿಲ್ಲ.

ಐನಾಪುರಕ್ಕೆ ಹಾದಿ ಒಡೆಯುವ ಫಾಟಾದ ಹತ್ತಿರ ಟ್ರ್ಯಾಕ್ಟರೊಂದು ಅಡ್ಡ ತಿರುಗಿ ಹಾದಿ ಕಟ್ಟಿತು. ಪಾರಿಸ ಬೈಕು ನಿಲ್ಲಿಸಿ ಸುಮ್ಮಸುಮ್ಮನೆ ಹಾರ್ನು ಹೊಡೆಯತೊಡಗಿದ. ಪಕ್ಕದಲ್ಲೇ ಹೆಂಗಸರಿಂದ ತುಂಬಿದ ಟಂಟಂ ರಿಕ್ಷಾ ಒಂದು ಬಂದು ನಿಂತಿತು. ಒಳಗಿಂದ ತವರಿನ ಕಡೆಯ ಒಬ್ಬ ಮುದುಕಿ ಕತ್ತು ಹೊರಗೆ ಹಾಕಿ, ‘ಯವ್ವಾ, ಸುಗಂಧಾ! ಬಂದ್ಯಾ? ಛಲೋ ಆತ ನೋಡ. ಎಲ್ಲಾರೂ ನಿನ್ನ ಹಾದೀನ ಕಾಯಾಕತ್ತಾರ. ನಾಕಕ್ಕ ಎತ್ತತಾರಂತ’ ಎಂದಳು.

‘ಯಾರನ್ನ?’

ಮುದುಕಿ ಪಾರಿಸನನ್ನು ನೋಡಿದಳು. ಹಸಿರು ಇಳಕಲ್ ಸೀರೆ ನೋಡಿದಳು. ‘ಗಿರಿಜವ್ವನ್ನವಾ. ನಸಿಕಿನ್ಯಾಗ ಹೋದ್ಲು. ಮುಂಜಾನೆದ್ದ ಮೊದಲ ನಿಮಗ ಫೋನ್ ಹಚ್ಯಾರಲ್ಲ!’

ಟ್ರ್ಯಾಕ್ಟರು ಸರಿಯಿತು, ಟಂಟಂ ಐನಾಪುರದ ಕಡೆ ತಿರುಗಿತು. ಪಾರಿಸ ಮಾತ್ರ ಬೈಕಿನ ಹ್ಯಾಂಡಲು ಹಿಡಿದುಕೊಂಡು ಅಥಣಿಯ ಕಡೆ ಮುಖ ಮಾಡಿ ನಿಂತೇ ಇದ್ದ.

‘ಯಾಕ ಹೇಳಲಿಲ್ಲ?’

‘ಡಾಕ್ಟರ್...’

‘ಡಾಕ್ಟರ್ ಹೇಳ್ಯಾರೇನ, ಗಿರಿಜವ್ವ ಸತ್ರ ಹೇಳಬ್ಯಾಡ್ರೀ ಅಂತ?’

‘ನೀ ಹೋಗಿ, ಅತ್ತು, ಮತ್ತ ಬಂದ ಹಂಗ ಗ್ವಾಡಿ ನೋಡ್ಕೋತ ಕೂತ್ರ ನಾ ಏನ ಮಾಡ್ಲಿ? ನನಗ ಏನೂ ತಿಳಿವಲ್ತು, ಸುಗಂಧಾ. ಕಾರಂಜಿ ನೋಡಿದ್ರರ ನಗತಿ ಏನೋ ಅಂತ...’ ಹೆಲ್ಮೆಟ್ಟಿನ ಕೆಳಗೆ ಕುತ್ತಿಗೆಯ ಮೇಲೆ ನರೆಗೂದಲು, ಅದರ ಮೇಲೆ ಬೆವರು. ಈ ಚಳಿಯಲ್ಲಿ ಬೆವರು. ಅವಳಿಗೆ ಬೈಯಬೇಕೆನಿಸಿತು, ಬಾಯಿಗೆ ಬರಲಿಲ್ಲ. ‘ತಿರಗಸು’ ಎಂದಳು. ಅವನು ತಿರುಗಿಸಿದ.

ಅವಳು ಬೈಯದಿರುವುದಕ್ಕೆ ಕಾರಣ ಬೇರೆ ಇತ್ತು. ಗಿರಿಜವ್ವ ಹೋದಳು ಎಂಬ ಮಾತು ಕಿವಿಗೆ ಬಿದ್ದಾಗ ಅವಳೊಳಗೆ ಮೊದಲು ಎದ್ದದ್ದು ದುಃಖವಲ್ಲ, ಧಾಟಿ. ಹಸಿದ ಹೊಟ್ಟೆ ಅಡಿಗೆಯ ವಾಸನೆಗೆ ಗುಡುಗುಟ್ಟುವ ಹಾಗೆ ಅದು ಎದ್ದಿತ್ತು. ಎತ್ತಿ ಬೆಳೆಸಿದವಳ ಸಾವು ಕೇಳಿ ಹಸಿವಾಗುವ ಜನ್ಮ ಎಂಥದು? ನಾಚಿಕೆಯಿಂದ ಮುಖ ಸುಟ್ಟಿತು. ಬೈಕಿನ ಹಿಂದೆ ಕೂತೇ ಒಂದು ನಿಶ್ಚಯ ಮಾಡಿಕೊಂಡಳು: ಹೋಗುವುದು, ಕಾಲಿಗೆ ಬೀಳುವುದು, ಬಾಯಿ ಮುಚ್ಚಿಕೊಂಡು ಕೂರುವುದು. ಬಾಯಿ ಬಿಟ್ಟು ಮತ್ತೆ ಆ ಸುಖ ಬಂದರೆ ತಾನು ಅಂಥವಳೇ ಎಂದು ಖಾತ್ರಿಯಾದಂತೆ, ಆಮೇಲೆ ಯಾವ ಡಾಕ್ಟರೂ ಬೇಡ, ಯಾವ ಐದು ಗಂಟೆಯೂ ಬೇಡ. ಬಾರದಿದ್ದರೆ ಬಾಳು ಮುಂದೆ ಬರೀ ಪಿಸ್ತಾ ಐಸ್‌ಕ್ರೀಮು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕೆಂದು ಅವಳಿಗೆ ತಿಳಿಯಲಿಲ್ಲ.

ಲಿಂಗವಂತರ ಪದ್ಧತಿಯಂತೆ ಗಿರಿಜವ್ವನನ್ನು ಕಟ್ಟೆಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವು, ತಲೆ ವಾಲದಂತೆ ಬಟ್ಟೆಯ ಆಸರೆ. ಹಾಗೆ ಕೂತದ್ದು ನೋಡಿದರೆ ಸತ್ತಿದ್ದಾಳೆ ಅನಿಸುತ್ತಿರಲಿಲ್ಲ. ಯಾರು ಹೇಗೆ ಅಳುತ್ತಾರೆ ಎಂದು ಕಿವಿಗೊಟ್ಟಿದ್ದಾಳೆ ಅನಿಸುತ್ತಿತ್ತು. ಇದೇ ಕಟ್ಟೆಯ ಮೇಲೆ ಬೇಸಗೆಯಲ್ಲಿ ಶ್ಯಾವಿಗೆ ಹೊಸೆಯುತ್ತ ಅವಳು ಹುಡುಗಿ ಸುಗಂಧಾಳಿಗೆ ಹೇಳುತ್ತಿದ್ದಳು: ‘ಹೊಗಳಬ್ಯಾಡ ಮಗಳ. ಹೊಗಳಿದ್ರ ಯಾರಿಗೂ ಅಳು ಬರೂದಿಲ್ಲ. ಇದ್ದದ್ದ ಹೇಳು.’ ಸತ್ತ ಕೋಳಿಗೂ ಎಳೆಗರುವಿಗೂ ಇಬ್ಬರೂ ಕೂಡಿ ಹಾಡ್ಯಾಡಿ ಅತ್ತು, ಅತ್ತು ಮುಗಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕು, ಅವ್ವನಿಂದ ಬೈಸಿಕೊಂಡದ್ದು ಎಷ್ಟು ಸಲ. ಸುಗಂಧಾ ಕಾಲಿಗೆ ಬಿದ್ದು ಪಕ್ಕದಲ್ಲಿ ಕೂತಳು. ಹೆಂಗಸರು ಸರಿದು ಜಾಗ ಕೊಟ್ಟು, ಮೂಗು ಒರೆಸಿಕೊಂಡು, ಕಾದರು. ಅವಳು ಬಾಯಿ ಬಿಡಲಿಲ್ಲ. ‘ಔಷಧ ನಡದಾವಂತ ಪಾಪ, ತಲಿ ಸರಿ ಇಲ್ಲಂತ’ ಎಂದು ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು. ‘ಸೀರಿ ನೋಡ, ಲಗ್ನಕ್ಕ ಬಂದಂಗ’ ಎಂದಳು ಮತ್ತೊಬ್ಬಳು. ಹಸಿರು ಸೀರೆಯೊಳಗೆ ಸುಗಂಧಾ ಕುಗ್ಗಿದಳು.

ಕಾದು ಬೇಸತ್ತು ಗಿರಿಜವ್ವನ ತಂಗಿಯ ಮಗಳು ಮನೀಷಾ ತಾನೇ ಶುರುಮಾಡಿದಳು. ದೇವತಿಯಂಥಾಕಿ, ಬಂಗಾರದಂಥಾಕಿ, ಯಾರಿಗೂ ಎದುರಾಡದಾಕಿ ಎಂದು ಒಂದೇ ಸಮ ಎಳೆದಳು. ಗಿರಿಜವ್ವ ಎದುರಾಡದವಳೇ! ಊರ ಚೇರ್ಮನ್ನನ ಧೋತರ ಹಿಡಿದು ಲೆಕ್ಕ ಕೇಳಿದವಳು. ಮನೀಷಾ ಧಾಟಿಯನ್ನು ಎತ್ತುವಲ್ಲಿ ಇಳಿಸುತ್ತಿದ್ದಳು, ಇಳಿಸುವಲ್ಲಿ ಕೆಮ್ಮುತ್ತಿದ್ದಳು. ಸುಗಂಧಾಳ ಬೆರಳು ಸೀರೆಯ ಅಂಚನ್ನು ಹಿಂಡಿದವು. ಬೇರೊಬ್ಬಳು ತಟ್ಟಲು ಬಾರದೆ ರೊಟ್ಟಿ ಹರಿಯುವುದನ್ನು ನೋಡುತ್ತ ಕೈಕಟ್ಟಿ ಕೂರುವುದು ಎಷ್ಟು ಹೊತ್ತು ಸಾಧ್ಯ? ಗೋಡೆಗೆ ಒರಗಿದ ಗಿರಿಜವ್ವನ ಮುಖ ನೋಡಿದಳು. ಮುದುಕಿಗೂ ಇದು ತಡೆಯಲಾಗುತ್ತಿಲ್ಲ ಅನಿಸಿತು. ನಿಶ್ಚಯವೆಲ್ಲ ಎಲ್ಲಿ ಹೋಯಿತೋ, ಬಾಯಿ ತಾನಾಗಿ ತೆರೆಯಿತು.

‘ಎವ್ವಾ ಗಿರಿಜವ್ವಾ, ನಮ್ಮವ್ವನ ಜರಡಿ ಒಯ್ದಾಕಿ ಹೊಳ್ಳಿ ಕೊಡಲಿಲ್ಲಲ್ಲೇ... ಕೇಳಾಕ ಬಂದ್ರ ಶ್ಯಾವಿಗಿ ಉಣಿಸಿ ಕಳಸತಿದ್ದೆಲ್ಲೇ... ಹೊಟ್ಟಿ ತುಂಬಿದಾಕಿಗಿ ಜರಡಿ ನೆನಪ ಎಲ್ಲಿರತೈತೇ...’

ಯಾರೋ ಅಳುತ್ತಲೇ ನಕ್ಕರು. ನಕ್ಕವರೇ ಜೋರಾಗಿ ಅತ್ತರು. ಎಷ್ಟು ಮಂದಿಯ ಮನೆಯ ಜರಡಿ ಈ ಮನೆಯಲ್ಲಿ ಉಳಿದಿತ್ತೋ! ಒಂದರ ಹಿಂದೆ ಒಂದು ಸಾಲು ಬಂತು, ಹೊರಗೆ ಭಜನೆಯವರು ತಾಳ ನಿಲ್ಲಿಸಿದರು. ಆ ಬೆಚ್ಚಗಿನದು ಮತ್ತೆ ಮೈಗೆ ಏರಿತು. ಬಂತು, ಬಂದೇಬಿಟ್ಟಿತು ಎಂದು ಅವಳು ಹೆದರಿದಳು, ಆದರೆ ಬಾಯಿ ನಿಲ್ಲಲಿಲ್ಲ. ಯಾವಾಗ ಗಿರಿಜವ್ವನನ್ನು ಬಿಟ್ಟು ಅತ್ತೆಯ ಕಡೆ ತಿರುಗಿದಳೋ ಅವಳಿಗೇ ಗೊತ್ತಾಗಲಿಲ್ಲ. ‘ಬೆಳಗಾದ್ರ ನನ್ನ ತವರ ಬೈಯಾಕಿ, ಬೈದ ಬಾಯಿ ಒಣಗಿದ್ರ ನನ್ನ ಕೈಲೆನ ನೀರ ಕುಡಿಯಾಕಿ... ಬೆರಳಿಗಿ ಖಾರ ಹಚ್ಚಿ ನಾಲಿಗಿಗಿ ಮುಟ್ಟಿಸಿದ್ರ ಅರ್ಧ ಮಾರೀಲೆ ನಗಾಕಿ... ಉಳದರ್ಧ ನಗಿ ಯಾರಿಗಿ ಇಟಗೊಂಡ ಹ್ವಾದೆಲ್ಲೇ...’ ಇದು ಇನ್ನೊಬ್ಬರ ಹೆಣ ಎಂದು ಯಾರೂ ತಕರಾರು ಮಾಡಲಿಲ್ಲ. ಸತ್ತವರ ಮುಂದೆ ಕೂತಾಗ ಎಲ್ಲರೂ ತಂತಮ್ಮ ಸತ್ತವರಿಗೇ ಅಳುವುದು. ಕೊನೆಗೆ ಅದೂ ಬಂತು, ಯಾರಿಗೂ ಹೇಳದೇ ಇಟ್ಟುಕೊಂಡದ್ದು: ‘ನಿನ್ನ ಹೆಣದ ಮುಂದ ಕೂತು ನಾ ಹಿಗ್ಗಿದೆನಲ್ಲವ್ವಾ... ಇನ್ನೊಂದೀಟ ಹೊತ್ತ ಇರಲಿ, ಎತ್ತಬ್ಯಾಡ್ರೀ ಅಂದ್ಕೊಂಡೆನಲ್ಲವ್ವಾ...’ ಹೇಳಿದವಳೇ ಕಣ್ಣು ಮುಚ್ಚಿದಳು. ಈಗ ಎಲ್ಲರೂ ಥೂ ಎನ್ನುತ್ತಾರೆ. ಯಾರೂ ಥೂ ಎನ್ನಲಿಲ್ಲ. ಪಕ್ಕದ ಮುದುಕಿ ಅವಳ ತಲೆಯನ್ನು ಎದೆಗೆ ಒತ್ತಿಕೊಂಡು, ‘ಹೌದವ್ವಾ, ಯಾರಿಗಿ ಅನಸೂದಿಲ್ಲ, ಇನ್ನೊಂದೀಟ ಹೊತ್ತ ಇರಲಿ ಅಂತ’ ಎಂದು ಬಿಕ್ಕಿದಳು. ಇಷ್ಟು ದಿನ ನಿದ್ದೆಗೆಡಿಸಿದ ಪಾಪ ಒಂದು ಒಳ್ಳೆಯ ಸಾಲಾಗಿ ಮಂದಿಯ ನಡುವೆ ಹಾದುಹೋಯಿತು. ಸುಗಂಧಾಳಿಗೆ ಮೋಸಹೋದ ಹಾಗೂ ಆಯಿತು, ಬಿಡುಗಡೆಯಾದ ಹಾಗೂ ಆಯಿತು. ಪಕ್ಕದ ಮುದುಕಿ ಹೇಳಿದ್ದೂ ಸುಳ್ಳಿರಲಿಕ್ಕಿಲ್ಲ ಎಂದು ಮೊದಲ ಸಲ ಅನಿಸಿತು.

ಎತ್ತುವ ಗದ್ದಲದಲ್ಲಿ ಅವಳು ಪಾರಿಸನನ್ನು ಹುಡುಕಿದಳು. ಗಂಡಸರ ನಡುವೆ ಅವನಿರಲಿಲ್ಲ. ಬೇವಿನ ಗಿಡದ ಆಚೆ, ಗೋಡೆಯ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಟೊಪ್ಪಿಗೆಯನ್ನು ಮುಖಕ್ಕೆ ಒತ್ತಿ ಹಿಡಿದಿದ್ದ. ಹೆಗಲು ಅಲುಗುತ್ತಿದ್ದವು. ಗಿರಿಜವ್ವ ಅವನಿಗೆ ಏನೂ ಆಗಬೇಕಿರಲಿಲ್ಲ. ಸುಗಂಧಾ ನಿಂತಲ್ಲೇ ನಿಂತಳು. ಅಕ್ಕಾತಾಯಿ ಇವನ ಅವ್ವ ಎಂಬ ಸರಳ ಸಂಗತಿ ಇಷ್ಟು ದಿನ ತನಗೆ ಹೊಳೆದಿರಲೇ ಇಲ್ಲವಲ್ಲ! ಬೆಂಕಿ ಕೊಟ್ಟು ಬಂದವನು ಮರುದಿನವೇ ನೀರಿನ ಪಾಳಿಗೆ ಹೋಗಿದ್ದ. ಆಮೇಲೆ ಹೆಂಡತಿ ಗೋಡೆ ನೋಡತೊಡಗಿದ್ದಳು. ಆಮೇಲೆ ಐದು ಗಂಟೆ, ಐಸ್‌ಕ್ರೀಮು, ಜೋಕಾಲಿ. ನಿನಗೆ ಹೇಗಿದೆ ಎಂದು ಅವನನ್ನು ಮಗಳೂ ಕೇಳಿರಲಿಲ್ಲ, ಡಾಕ್ಟರಬಾಯಿಯೂ ಕೇಳಿರಲಿಲ್ಲ, ಹೆಂಡತಿಯಂತೂ ಕೇಳಿರಲಿಲ್ಲ.

ತಿರುಗಿ ಬರುವಾಗ ಹೊತ್ತು ಮುಳುಗುತ್ತಿತ್ತು. ಜೈನರ ನೇಮದಂತೆ ಹೊತ್ತು ಮುಳುಗುವುದರೊಳಗೆ ಊಟವಾಗಬೇಕೆಂದು ದಿನವೂ ಅವಸರ ಮಾಡುವವನು ಇವತ್ತು ತಮ್ಮ ಕಬ್ಬಿನ ಹೊಲದ ಬದಿಗೆ ಬೈಕು ನಿಲ್ಲಿಸಿ, ಇಳಿಯದೆ ಕೂತ.

‘ಅವ್ವಗ ಖಾರ ಕೊಡತಿದ್ದೆಯೇನ?’

‘ಹೂಂ.’

‘ಡಾಕ್ಟರ್ ಬ್ಯಾಡ ಅಂದಿದ್ರು.’

‘ಹೂಂ.’

‘ನಗತಿದ್ಲೇನ?’

‘ನಗತಿದ್ಲು. ಕಳ್ಳ ರಂಡೆ ಅಂತಿದ್ಲು.’

ಅವನು ಕಬ್ಬಿನ ಕಡೆ ತಿರುಗಿದ. ‘ನಾ ಹ್ವಾದಾಗೆಲ್ಲ ಔಷಧ ತಗೊಂಡ್ಯಾ ಅಂತನ ಕೇಳ್ತಿದ್ದೆ’ ಎಂದ. ಬೈಕು ಚಾಲೂ ಮಾಡಿದ. ಆ ದಿನ ಇಬ್ಬರೂ ಉಪವಾಸ ಮಲಗಿದರು, ಸುಗಂಧಾಳಿಗೆ ನಿದ್ದೆ ಬಂತು.

ಮರುದಿನ ಐದಕ್ಕೆ ಪಂಪು ನಿಂತಿತು. ಪಾರಿಸ ಬಂದು ಕೈಕಾಲು ತೊಳೆದ. ಇವತ್ತೇನಪ್ಪ ಎಂದು ಸುಗಂಧಾ ಒಳಬಾಗಿಲಲ್ಲಿ ನಿಂತು ನೋಡಿದಳು. ಅವನು ಬೀದಿಯ ಬಾಗಿಲು ಮುಚ್ಚಿ ಚ್ವಾಲಕ ಹಾಕಿದ, ಕಿಟಕಿ ಎಳೆದ. ಅವ್ವನ ಮಂಚದ ಮೇಲೆ, ಸುತ್ತಿಟ್ಟ ಹಾಸಿಗೆಯ ಪಕ್ಕದಲ್ಲಿ, ಸಾಲೆಗೆ ಹೊಸದಾಗಿ ಸೇರಿದವನಂತೆ ಕೂತು ಟೊಪ್ಪಿಗೆ ತೆಗೆದ.

‘ಐದಾತು’ ಎಂದ.

‘ಎಲ್ಲಿಗಿ?’

‘ಎಲ್ಲಿಗೂ ಇಲ್ಲ. ಅವ್ವಂದು ಹೇಳು. ಬೈತಿದ್ಲಲ್ಲ, ಅದನ್ನೂ ಹೇಳು.’

ಅವಳಿಗೆ ನಾಚಿಕೆಯಾಯಿತು. ಹೆಣವಿಲ್ಲ, ಮಂದಿಯಿಲ್ಲ, ಹಾಡ್ಯಾಡುವುದು ಹೇಗೆ? ಜೋಕಾಲಿಯ ಮೇಲಿನ ಬಟ್ಟೆ ಪಕ್ಕಕ್ಕಿಟ್ಟು ಕೂತಳು, ಕಾಲಿಂದ ಮೆಲ್ಲಗೆ ಮೀಟಿದಳು. ಕೊಂಡಿ ಕಿರ್ರ್ ಎಂದಿತು, ಮತ್ತೆ ಕಿರ್ರ್ ಎಂದಿತು. ಆ ಕಿರಗುಟ್ಟುವುದಕ್ಕೇ ಧಾಟಿ ಸೇರಿಕೊಂಡಿತು. ಅಕ್ಕಾತಾಯಿಯ ಬೈಗುಳಗಳನ್ನು ಒಂದೊಂದಾಗಿ ಹೇಳಿದಳು, ಮೊದಲು ಸಣ್ಣವು, ಆಮೇಲೆ ಗಂಡಸರ ಮುಂದೆ ಹೇಳಬಾರದಂಥವು. ಪಾರಿಸ ನಗುತ್ತ ಶುರುಮಾಡಿದವನು ಯಾವ ಬೈಗುಳಕ್ಕೋ ಏನೋ ಬೋರಾಡಿ ಅಳತೊಡಗಿದ, ‘ಎವ್ವಾ’ ಎಂದು ತನ್ನ ದೊಡ್ಡ ದನಿಯಲ್ಲಿ. ಮುಚ್ಚಿದ ಬಾಗಿಲು ಅಷ್ಟು ದನಿಗೆ ಯಾವ ಲೆಕ್ಕ?

ಯಾರೋ ಬಾಗಿಲು ದಬದಬ ಬಡಿದರು. ಪಾರಿಸ ಹಾಗೇ ಎದ್ದು ಹೋಗಿ ಚ್ವಾಲಕ ತೆಗೆದ. ಹೊರಗೆ ಓಣಿಯ ಹೆಂಗಸರೆಲ್ಲ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು, ಒಬ್ಬಳ ಕೈಯಲ್ಲಿ ಹಿಟ್ಟು ಮೆತ್ತಿತ್ತು. ಎಲ್ಲರ ಮುಂದೆ ಸಕೀನಾಬಿ. ‘ಯಾರು ಹೋದ್ರೋ ಪಾರಿಸಾ? ಯಾರು ಹೋದ್ರು?’ ಎಂದಳು.

ಪಾರಿಸ ಬರಿತಲೆಯಲ್ಲಿ, ತೊಯ್ದ ಮುಖದಲ್ಲಿ ಬಾಗಿಲಿಗೆ ಅಡ್ಡ ನಿಂತಿದ್ದ. ಹಿಂದೆ ಜೋಕಾಲಿಯ ಮೇಲೆ ಸುಗಂಧಾ ಮೂಗು ಒರೆಸಿಕೊಳ್ಳುತ್ತ, ತಡೆಯಲಾರದೆ, ನಗುತ್ತಿದ್ದಳು.

‘ಯಾರೂ ಹೋಗಿಲ್ರೀ’ ಎಂದ ಅವನು, ತಪ್ಪು ಮಾಡಿ ಸಿಕ್ಕವನ ಹಾಗೆ. ‘ಡಾಕ್ಟರ್ ಹೇಳ್ಯಾರ. ದಿನಾ ಐದಕ್ಕ.’

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಕೀನಾಬಿ ಅವನನ್ನು ನೋಡಿದಳು, ಸುಗಂಧಾಳನ್ನು ನೋಡಿದಳು, ಖಾಲಿ ಮಂಚವನ್ನು ನೋಡಿದಳು. ಚಪ್ಪಲಿ ಕಳಚಿದಳು.

‘ಅವತ್ತ ನೀ ಚಾ ಕೊಟ್ಟ ಕಳಿಸಿದಿ, ನಂದು ಹಂಗ ಉಳದೈತಿ’ ಎಂದು ಅವನನ್ನು ಪಕ್ಕಕ್ಕೆ ಸರಿಸಿ ಒಳಗೆ ಬಂದು, ‘ಬಂದೇನ ಬಂದೀವಿ, ಒಂದೀಟ ಅತ್ತ ಹೋಗ್ತೀವಿ. ಸರಿ ಅತ್ಲಾಗ’ ಎನ್ನುತ್ತ ಜೋಕಾಲಿಯ ಮೇಲೆ ಸುಗಂಧಾಳ ಪಕ್ಕದಲ್ಲಿ ಕೂತಳು.